‘ರಿಪೋರ್ಟ್ ನಾರ್ಮಲ್’ ಎಂದ ಮೇಲೂ ಉಳಿಯುವ ನೋವು

2002ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಮೈತುಂಬ ನೋವು ತರುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆ ಇದ್ದ 16 ಮಂದಿಯನ್ನೂ ಆರೋಗ್ಯವಂತರಾದ 16 ಮಂದಿಯನ್ನೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಅಳೆದು ಒತ್ತಡ ಹಾಕಿತು. ಆರೋಗ್ಯವಂತರಿಗೆ ಎಷ್ಟು ಒತ್ತಿದರೆ ನೋಯುತ್ತಿತ್ತೋ ಅದರ ಹೆಚ್ಚುಕಡಿಮೆ ಅರ್ಧಕ್ಕೇ ರೋಗಿಗಳಿಗೆ ಅಷ್ಟೇ ನೋವಾಗುತ್ತಿತ್ತು. ಅವರ ಬಾಯಿಮಾತು ಮಾತ್ರವಲ್ಲ, ಮಿದುಳಿನ ಚಿತ್ರವೂ ಹಾಗೆಯೇ ಹೇಳಿತು. ನೋವನ್ನು ಗ್ರಹಿಸುವ ಹಲವು ಭಾಗಗಳು ಆ ಸಣ್ಣ ಒತ್ತಡಕ್ಕೇ ಚುರುಕಾಗಿದ್ದವು. ಅಷ್ಟೇ ಒತ್ತಡಕ್ಕೆ ಆರೋಗ್ಯವಂತರ ಮಿದುಳಿನಲ್ಲಿ ಅವು ಬಹುಮಟ್ಟಿಗೆ ಸುಮ್ಮನಿದ್ದವು.

ಈ ಪ್ರಯೋಗ ನಡೆದು ಎರಡು ದಶಕ ಕಳೆದಿದೆ. ಆದರೂ ನಮ್ಮ ಊರುಗಳಲ್ಲಿ ಮೈಕೈ ನೋವು ಎಂದು ಆಸ್ಪತ್ರೆಗೆ ಹೋದವರು ಎಕ್ಸ್‌ರೇ, ಇಎಸ್‌ಆರ್, ಆರ್‌ಎ ಫ್ಯಾಕ್ಟರ್, ಥೈರಾಯ್ಡ್, ವಿಟಮಿನ್ ಡಿ ಎಂದು ಫೈಲು ದಪ್ಪ ಮಾಡಿಕೊಂಡು, ಕೊನೆಗೆ ‘ಎಲ್ಲ ನಾರ್ಮಲ್ ಇದೆ, ಏನೂ ಇಲ್ಲ’ ಎಂಬ ಮಾತನ್ನು ಹೊತ್ತು ಮನೆಗೆ ಬರುತ್ತಾರೆ. ಡಾಕ್ಟರು ಏನೂ ಇಲ್ಲ ಎಂದ ಮೇಲೆ ಮನೆಯವರಾದರೂ ಹೇಗೆ ನಂಬುತ್ತಾರೆ? ಮೈಗಳ್ಳತನ ಎನ್ನುತ್ತಾರೆ, ಟೆನ್ಶನ್ ಎನ್ನುತ್ತಾರೆ. ಲೋಕದ ಜನಸಂಖ್ಯೆಯ ನೂರಕ್ಕೆ ಎರಡರಿಂದ ನಾಲ್ಕು ಮಂದಿಗೆ ಇರುವ ಕಾಯಿಲೆಯನ್ನು ಹೀಗೆ ನಡೆಸಿಕೊಳ್ಳುವುದು ವೈದ್ಯಕೀಯದ ಲೋಪ. ರೋಗಿಯ ಸ್ವಭಾವವನ್ನು ದೂರಿ ಅದನ್ನು ಮುಚ್ಚಿಡಲಾಗದು.

ಈ ಲೋಪಕ್ಕೆ ಸಂಶೋಧನೆಯ ಇತಿಹಾಸವೂ ಕಾರಣ. 1904ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ ಇಂಥ ಸ್ನಾಯುನೋವನ್ನು ‘ಫೈಬ್ರೊಸೈಟಿಸ್’ ಎಂದು ಕರೆದರು. ಸ್ನಾಯುಗಳ ನಾರಿನಲ್ಲಿ ಉರಿಯೂತವಿದೆ ಎಂಬುದು ಅವರ ಊಹೆ. ಅಂಥ ಉರಿಯೂತ ಯಾರ ಕಣ್ಣಿಗೂ ಬೀಳಲಿಲ್ಲ. ನೋವಿರುವ ಜಾಗದಲ್ಲೇ ರೋಗವೂ ಇರಬೇಕು ಎಂದು ಹುಡುಕಿದ್ದರಲ್ಲಿ ಎಷ್ಟೋ ದಶಕಗಳು ಹೋದವು.

ದಾರಿ ಬದಲಾಗಿದ್ದು ನಿದ್ದೆಯಿಂದ. 1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಆ ನಿದ್ದೆಯನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಯೆಲ್ಲ ನೋವು ಶುರುವಾಯಿತು, ಮುಟ್ಟಿದರೆ ನೋಯುವಂತಾಯಿತು. ಸರಿಯಾಗಿ ಮಲಗಲು ಬಿಟ್ಟಾಗ ಅದು ಇಳಿಯಿತು. ನೋವಿನಿಂದ ನಿದ್ದೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ನಿದ್ದೆ ಕೆಟ್ಟರೂ ನೋವು ಹುಟ್ಟುತ್ತದೆ ಎಂಬುದು ಹೊಸ ತಿಳಿವು. ಬೆಳಿಗ್ಗೆ ಏಳುವಾಗಲೇ ಮೈ ಜಜ್ಜಿದಂತಿರುವುದು, ಎಂಟು ಗಂಟೆ ಮಲಗಿದರೂ ಆಯಾಸ ಹೋಗದಿರುವುದು, ಹೇಳಬೇಕೆಂದ ಮಾತು ಮರೆತು ತಲೆಗೆ ಮಂಕು ಕವಿದಂತಾಗುವುದು, ಹೊಟ್ಟೆಯ ತೊಂದರೆ, ತಲೆನೋವು, ಇವೆಲ್ಲ ನೋವಿಗೆ ಅಂಟಿಕೊಂಡ ಸಣ್ಣಪುಟ್ಟ ದೂರುಗಳಲ್ಲ, ಕಾಯಿಲೆಯ ಮೈಯೇ ಇವು ಎಂಬ ಯೋಚನೆ ಅಲ್ಲಿಂದ ಬಲಗೊಂಡಿತು.

ಆದರೆ ರೋಗವನ್ನು ಗುರುತಿಸುವ ನಿಯಮ ಈ ತಿಳಿವನ್ನು ಒಪ್ಪಿಕೊಳ್ಳಲು ಇನ್ನೂ 35 ವರ್ಷ ಹಿಡಿಯಿತು. ಅಮೆರಿಕದ ಸಂಧಿವಾತ ತಜ್ಞರ ಸಂಘ 1990ರಲ್ಲಿ ರೂಪಿಸಿದ ಮಾನದಂಡದಲ್ಲಿ ಮೂರು ತಿಂಗಳಿಂದ ಮೈತುಂಬ ನೋವಿರಬೇಕಿತ್ತು. ಜೊತೆಗೆ ದೇಹದ 18 ಜಾಗಗಳನ್ನು ಬೆರಳಿನಿಂದ ಸುಮಾರು ನಾಲ್ಕು ಕಿಲೊ ಬಲದಲ್ಲಿ ಒತ್ತಿದಾಗ 11 ಕಡೆಯಾದರೂ ನೋಯಬೇಕಿತ್ತು. ನಿದ್ದೆಗೂ ಆಯಾಸಕ್ಕೂ ಅಲ್ಲಿ ಲೆಕ್ಕವಿರಲಿಲ್ಲ. ಒತ್ತಡದ ನೋವಿಗೆ ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಬೇಗ ಸ್ಪಂದಿಸುತ್ತಾರೆ. ಹಾಗಾಗಿ ಈ ಅಳತೆಯಲ್ಲಿ ಅವರೇ ಹೆಚ್ಚಾಗಿ ಸಿಕ್ಕಿದರು, ಎಷ್ಟೋ ಗಂಡಸರು ತಪ್ಪಿಸಿಕೊಂಡರು. ಇದು ಹೆಂಗಸರ ಕಾಯಿಲೆ ಎಂಬ ಹೆಸರು ಗಟ್ಟಿಯಾಯಿತು. ಹೆಂಗಸರ ಕಾಯಿಲೆ ಎಂದ ಕೂಡಲೇ ಅದನ್ನು ಹಗುರ ಮಾಡುವ ಚಾಳಿ ಎಲ್ಲ ದೇಶಗಳಲ್ಲೂ ಇದೆ.

2010ರಲ್ಲಿ ಅದೇ ಸಂಘ ಒತ್ತಿ ನೋಡುವ ಪರೀಕ್ಷೆಯನ್ನು ಕೈಬಿಟ್ಟಿತು. ದೇಹದ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿದೆ, ಆಯಾಸ ಎಷ್ಟು, ನಿದ್ದೆಯಿಂದ ಎದ್ದಾಗ ಹೇಗಿರುತ್ತದೆ, ಮರೆವು ಎಷ್ಟು ಎಂದು ಕೇಳಿ ಅಂಕ ಕೊಡುವ ಕ್ರಮ ಬಂತು. 2016ರ ಪರಿಷ್ಕರಣೆ ಇನ್ನೊಂದು ಮುಖ್ಯ ಮಾತು ಸೇರಿಸಿತು: ಬೇರೆ ಕಾಯಿಲೆ ಇದ್ದವರಿಗೂ ಇದು ಇರಬಹುದು. ಇದರ ಬೆಲೆ ಗೊತ್ತಾಗುವುದು ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ. ಕೀಲಿನ ಊತ ಇಳಿದಿರುತ್ತದೆ, ರಕ್ತಪರೀಕ್ಷೆ ಸುಧಾರಿಸಿರುತ್ತದೆ, ನೋವು ಮಾತ್ರ ಹಾಗೇ ಇರುತ್ತದೆ. ಆ ನೋವಿನ ಮೂಲ ಫೈಬ್ರೊಮಯಾಲ್ಜಿಯಾ ಎಂದು ಹೊಳೆಯದಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸುಮ್ಮನೆ ಏರಿಸುತ್ತ ಹೋಗುವ ಅಪಾಯವಿದೆ. ಹಾಗೆಂದು ಕಂಡ ನೋವಿಗೆಲ್ಲ ಈ ಹೆಸರು ಅಂಟಿಸುವುದೂ ತಪ್ಪು. ಕೀಲು ಊದಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ಬೇರೆ ಕಾರಣವನ್ನು ಹುಡುಕಲೇಬೇಕು.

ಮೂಲ ಎಲ್ಲಿದೆ ಎಂಬ ಹುಡುಕಾಟ ಈಗ ಹಲವು ಕವಲಾಗಿದೆ. ನೋವಿನ ಸಂದೇಶ ಸಾಗಿಸುವ ‘ಸಬ್‌ಸ್ಟೆನ್ಸ್ ಪಿ’ ಎಂಬ ರಾಸಾಯನಿಕ ಈ ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಆರೋಗ್ಯವಂತರಲ್ಲಿರುವುದರ ಸುಮಾರು ಮೂರು ಪಟ್ಟು ಇರುವುದು 1990ರ ದಶಕದಲ್ಲೇ ಕಂಡಿತ್ತು. 2013ರಲ್ಲಿ ಜರ್ಮನಿ ಮತ್ತು ಅಮೆರಿಕದ ತಂಡಗಳು ಬೇರೆಬೇರೆಯಾಗಿ, ಹಲವು ರೋಗಿಗಳ ಚರ್ಮದ ಸೂಕ್ಷ್ಮ ನರಗಳಿಗೆ ಹಾನಿಯಾಗಿರುವುದನ್ನು ತೋರಿಸಿದವು. 2021ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನು ತೆಗೆದು ಇಲಿಗಳಿಗೆ ಚುಚ್ಚಿದಾಗ, ಇಲಿಗಳು ಒತ್ತಡಕ್ಕೂ ಚಳಿಗೂ ನೋವಿನಿಂದ ಪ್ರತಿಕ್ರಿಯಿಸತೊಡಗಿದವು. ಆರೋಗ್ಯವಂತರ ಪ್ರತಿಕಾಯಗಳು ಹಾಗೆ ಮಾಡಲಿಲ್ಲ. ಇದರಿಂದ ಇದು ಪ್ರತಿರಕ್ಷಣಾ ವ್ಯವಸ್ಥೆಯ ರೋಗವೇ ಎಂದು ಸಾರಿಬಿಡುವುದು ದುಡುಕು. ಒಂದೇ ಹೆಸರಿನ ಕೆಳಗೆ ಎರಡು ಮೂರು ಬಗೆಯ ಕಾಯಿಲೆಗಳು ಸೇರಿಕೊಂಡಿರಬಹುದು ಎಂದೇ ನನಗೆ ಅನ್ನಿಸುತ್ತದೆ. ಅವನ್ನು ಬಿಡಿಸಿ ನೋಡುವವರೆಗೆ ಔಷಧ ಪ್ರಯೋಗಗಳ ಫಲಿತಾಂಶ ಮಸುಕಾಗಿಯೇ ಇರುತ್ತದೆ.

ಆ ಮಸುಕು ಎಷ್ಟೆಂದರೆ, ಒಂದೇ ಬಗೆಯ ಪುರಾವೆ ನೋಡಿ ಎರಡು ಖಂಡಗಳು ಎರಡು ತೀರ್ಪು ಕೊಟ್ಟವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಪ್ರೆಗಾಬಾಲಿನ್, 2008ರಲ್ಲಿ ಡ್ಯುಲೊಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್‌ಗೆ ಒಪ್ಪಿಗೆ ಕೊಟ್ಟಿತು. ಯುರೋಪಿನ ಸಂಸ್ಥೆ ಮೂರನ್ನೂ ತಿರಸ್ಕರಿಸಿತು. ಲಾಭ ಚಿಕ್ಕದು, ಅದು ಬಹುಕಾಲ ಉಳಿಯುವ ಖಾತ್ರಿ ಇಲ್ಲ ಎಂಬುದು ಅದರ ವಾದ. ಪ್ರೆಗಾಬಾಲಿನ್ ತೆಗೆದುಕೊಂಡವರಲ್ಲಿ, ಔಷಧವಿಲ್ಲದ ಮಾತ್ರೆ ನುಂಗಿದವರಿಗಿಂತ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚು ಮಂದಿಗೆ ನೋವು ಅರ್ಧದಷ್ಟಾದರೂ ತಗ್ಗುತ್ತದೆ. ಆ ಹತ್ತು ಮಂದಿಗೆ ಅದು ದೊಡ್ಡದೇ. ಉಳಿದವರಲ್ಲಿ ಹಲವರಿಗೆ ಸಿಗುವುದು ತಲೆಸುತ್ತು, ತೂಕಡಿಕೆ ಮಾತ್ರ. ಬಹಳ ಭರವಸೆ ಹುಟ್ಟಿಸಿದ್ದ ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಎಂಬ ಔಷಧ 2024ರಲ್ಲಿ ಪ್ರಕಟವಾದ ಡೆನ್ಮಾರ್ಕಿನ 99 ಮಹಿಳೆಯರ ಪ್ರಯೋಗದಲ್ಲಿ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಮಲಗುವ ಮುನ್ನ ನಾಲಿಗೆಯಡಿ ಇಟ್ಟುಕೊಳ್ಳುವ ಸೈಕ್ಲೊಬೆಂಜಪ್ರಿನ್. ಹದಿನೈದು ವರ್ಷಕ್ಕೂ ಹೆಚ್ಚು ಕಾಲದ ನಂತರ ಬಂದ ಹೊಸ ಔಷಧ ನಿದ್ದೆಯ ದಾರಿ ಹಿಡಿದದ್ದು ಟೊರಾಂಟೊದ ಹಳೆಯ ಪ್ರಯೋಗಕ್ಕೆ ಸಿಕ್ಕ ಮನ್ನಣೆಯೂ ಹೌದು.

ಔಷಧಗಳಿಗಿಂತ ಗಟ್ಟಿಯಾದ ಪುರಾವೆ ವ್ಯಾಯಾಮಕ್ಕಿದೆ. 2016ರ ಯುರೋಪಿಯನ್ ಶಿಫಾರಸುಗಳಲ್ಲಿ ‘ಖಂಡಿತ ಮಾಡಿ’ ಎಂಬ ಬಲವಾದ ಮಾತು ಸಿಕ್ಕಿದ್ದು ಅದೊಂದಕ್ಕೇ. ಅಮೆರಿಕದಲ್ಲಿ 226 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚೀನಾದ ತಾಯ್ ಚಿ ಏರೋಬಿಕ್ಸ್‌ಗೆ ಸರಿಸಮ ನಿಂತಿತು, ಕೆಲವು ಅಳತೆಗಳಲ್ಲಿ ಮೀರಿತು ಕೂಡ. ಆದರೆ ‘ವಾಕಿಂಗ್ ಮಾಡಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಗಿಯುವುದಿಲ್ಲ. ಬೆಳಗಿನ ಐದರಿಂದ ಒಲೆ, ಕೊಟ್ಟಿಗೆ, ತೋಟ, ಇಲ್ಲವೇ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕಳೆಯುವ ಹೆಂಗಸಿಗೆ ಆ ಮಾತು ಗಾಯದ ಮೇಲೆ ಉಪ್ಪು. ಅವಳ ದಣಿವು ವ್ಯಾಯಾಮವಲ್ಲ. ಅವಳಿಗೆ ಬೇಕಾದದ್ದು ಮೊದಲು ಕೆಲಸದಿಂದ ಬಿಡುವು, ನಂತರ ಹತ್ತೇ ನಿಮಿಷದಿಂದ ಶುರುಮಾಡಿ ವಾರವಾರ ತುಸು ಹೆಚ್ಚಿಸುವ ನಡಿಗೆ, ಮೊದಮೊದಲು ನೋವು ಏರಿದರೆ ಹೆದರಬೇಡಿ ಎಂದು ಹೇಳುವ ಫಿಸಿಯೊಥೆರಪಿಸ್ಟ್, ಸಂಜೆಯ ಅಡುಗೆಗೆ ಕೈಜೋಡಿಸುವ ಮನೆಯವರು. ಪಶ್ಚಿಮದ ಪ್ರಯೋಗಗಳು ಇವಳನ್ನು ನೋಡಿಯೇ ಇಲ್ಲ. ಯೋಗದ ಕುರಿತೂ ಅಷ್ಟೆ. 2010ರಲ್ಲಿ ಗಮನ ಸೆಳೆದ ಪ್ರಯೋಗ ನಡೆದದ್ದು ಅಮೆರಿಕದ ಆರೆಗಾನ್‌ನಲ್ಲಿ, 53 ಮಹಿಳೆಯರ ಮೇಲೆ. ನಿಮ್ಹಾನ್ಸ್ ಇರುವ, ಜಿಗಣಿಯಲ್ಲಿ ಯೋಗ ವಿಶ್ವವಿದ್ಯಾಲಯವೇ ಇರುವ ಕರ್ನಾಟಕ ಇದಕ್ಕಿಂತ ಹಲವು ಪಟ್ಟು ದೊಡ್ಡ ಪ್ರಯೋಗವನ್ನು ಲೋಕದ ಮುಂದಿಡಬೇಕು.

ಕಾಯಿಲೆಗೆ ಹೆಸರು ಕೊಟ್ಟರೆ ರೋಗಿ ಇನ್ನಷ್ಟು ಕುಗ್ಗುತ್ತಾರೆ ಎಂದು ಹಿಂಜರಿಯುವ ವೈದ್ಯರಿದ್ದಾರೆ. ಕೆನಡಾದ ಒಂಟಾರಿಯೊದಲ್ಲಿ ಹೊಸದಾಗಿ ಪತ್ತೆಯಾದವರನ್ನು ಮೂರು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯಕ್ಕೆ ಆಧಾರವಿಲ್ಲ ಎಂದು ತೋರಿಸಿದೆ. ಹೆಸರು ತಿಳಿದದ್ದರಿಂದ ಒಟ್ಟಾರೆ ಹೇಳಿಕೊಳ್ಳುವಂಥ ಕೆಡುಕು ಆಗಿರಲಿಲ್ಲ.

ಈ ರೋಗವನ್ನು ಗುರುತಿಸಲು ದುಬಾರಿ ಯಂತ್ರ ಬೇಕಿಲ್ಲ. ಒಂದು ಪುಟದ ಪ್ರಶ್ನೆಗಳು, ಕೆಲವು ಸರಳ ರಕ್ತಪರೀಕ್ಷೆ, ಹದಿನೈದು ನಿಮಿಷದ ತಾಳ್ಮೆ ಸಾಕು. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುವ ಸಿಬ್ಬಂದಿ ‘ಮೂರು ತಿಂಗಳಿಂದ ಮೈಯೆಲ್ಲ ನೋವಿದೆಯೇ, ಎದ್ದಾಗ ದಣಿವು ಆರಿರುತ್ತದೆಯೇ’ ಎಂಬ ಎರಡು ಪ್ರಶ್ನೆಗಳನ್ನೂ ಕೇಳಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಪ್ರತಿವರ್ಷ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಪ್ರಬಂಧ ಬರೆಯುತ್ತಾರೆ. ಅವರಲ್ಲಿ ಕೆಲವರಾದರೂ ಮಾತ್ರೆಯ ಪರಿಣಾಮದ ಜೊತೆಗೆ ನಿದ್ದೆ, ಆಯಾಸ, ಮರೆವು, ಮನೆಗೆಲಸದ ಹೊರೆಯನ್ನೂ ಕನ್ನಡದಲ್ಲೇ ಕೇಳಿ ಅಳೆಯುವ ಅಧ್ಯಯನಕ್ಕೆ ಇಳಿಯಲಿ. ಅದಕ್ಕೆ ಬೇಕಾದ ಹಣ ಮತ್ತು ಮಾರ್ಗದರ್ಶನವನ್ನು ವಿಶ್ವವಿದ್ಯಾಲಯ ಈ ವರ್ಷವೇ ಒದಗಿಸಬೇಕು.