ತಾಯಿಯ ಓದಿಗೆ ಲಾಭದ ಲೆಕ್ಕ ಕೇಳಬೇಡಿ

ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ತಾಯಂದಿರಾದ ನಮಗೆ ಎದುರಾಗುವ ಪ್ರಶ್ನೆ ಒಂದೇ: ಮಕ್ಕಳಿಗೆ ಕನ್ನಡ ಬರುತ್ತದೆಯೇ? ಓದಲು, ಬರೆಯಲು ಕಲಿಸುತ್ತಿದ್ದೀರಾ? ಕೇಳುವವರ ಕಾಳಜಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ‘ನೀವು ಈಗ ಯಾವ ಪುಸ್ತಕ ಓದುತ್ತಿದ್ದೀರಿ?’ ಎಂದು ನಮ್ಮಲ್ಲಿ ಒಬ್ಬರನ್ನಾದರೂ ಯಾರೂ ಕೇಳಿದ್ದಿಲ್ಲ.

ಈ ಮೌನದೊಳಗೆ ಒಂದು ತೀರ್ಮಾನ ಅಡಗಿದೆ. ತಾಯಿ ಎಂಬವಳು ಭಾಷೆಯನ್ನು ಮಕ್ಕಳಿಗೆ ತಲುಪಿಸಬೇಕಾದವಳು, ಅಷ್ಟೇ. ಆ ಭಾಷೆಯಿಂದ ತಾನೂ ಸುಖಪಡುವ ಹಕ್ಕು ಆಕೆಗಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ, ಬಹುಕಾಲ ನಮಗೂ ಹೊಳೆದಿರಲಿಲ್ಲ. ಈ ತೀರ್ಮಾನ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಬರಹ.

ನಾವು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಚದುರಿರುವ ಆರು ಮಂದಿ ತಾಯಂದಿರು. ಎಲ್ಲರೂ ಒಂದು ಕಾಲದ ಓದುಗರು. ‘ಸುಧಾ’, ‘ತರಂಗ’ಗಳ ಧಾರಾವಾಹಿಗಾಗಿ ಅಮ್ಮ, ಚಿಕ್ಕಮ್ಮಂದಿರೊಡನೆ ಪೈಪೋಟಿ ನಡೆಸಿದವರು, ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಕಾದಂಬರಿಯನ್ನು ಮರುದಿನದ ಬಾಡಿಗೆ ಬೀಳುವ ಮೊದಲೇ ಮುಗಿಸಿದವರು. ಮದುವೆ, ವೀಸಾ, ಉದ್ಯೋಗ, ಹೆರಿಗೆ, ಮನೆಯ ಸಾಲ ಇವುಗಳ ನಡುವೆ ಓದು ಯಾವಾಗ ನಿಂತುಹೋಯಿತೆಂದು ಯಾರಿಗೂ ನೆನಪಿಲ್ಲ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಪುಸ್ತಕಗಳು ಕಪಾಟಿನ ಮೇಲ್ತುದಿಯಲ್ಲಿ ಹಾಗೆಯೇ ಉಳಿದವು.

2024ರ ಏಪ್ರಿಲ್ 8ರಂದು ಡಲ್ಲಾಸಿನಲ್ಲಿ ಸುಮಾರು ನಾಲ್ಕು ನಿಮಿಷ ಹಗಲೇ ಕತ್ತಲಾದ ಸಂಪೂರ್ಣ ಸೂರ್ಯಗ್ರಹಣವನ್ನು ನೀವೂ ಮರೆತಿರಲಾರಿರಿ. ಮರುದಿನ ಯುಗಾದಿ. ಹಬ್ಬದ ಶುಭಾಶಯದ ದೂರವಾಣಿ ಮಾತುಕತೆಯಲ್ಲಿ ಹೇಗೋ ಹಳೆಯ ಕಾದಂಬರಿಗಳ ಮಾತು ಬಂದು, ಮುಂದಿನ ಯುಗಾದಿಯವರೆಗೆ ಕನ್ನಡ ಪುಸ್ತಕಗಳನ್ನು ಓದೋಣವೆಂದು ನಿಶ್ಚಯಿಸಿದೆವು. ನಿಯಮ ಎರಡೇ: ಯಾವ ಪ್ರಯೋಜನಕ್ಕಾಗಿಯೂ ಓದಬಾರದು, ಹಿಡಿಸದ ಪುಸ್ತಕವನ್ನು ನಡುವೆಯೇ ಕೆಳಗಿಡಲು ನಾಚಬಾರದು.

ಮೊದಲ ಮೂರು ತಿಂಗಳು ಬಹುಮಟ್ಟಿಗೆ ಸೋಲಿನವು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಗಾತ್ರದಲ್ಲಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದೆವು. ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದು ಪುಸ್ತಕ ಹಿಡಿದರೆ ಮೂರನೆಯ ಪುಟಕ್ಕೆ ನಿದ್ರೆ. ಮರುದಿನ ಮತ್ತೆ ಮೊದಲ ಪುಟ. ಒಂದು ಕಾಲದಲ್ಲಿ ರಾತ್ರಿಯಿಡೀ ಓದಿದ್ದ ನಮಗೆ ಎರಡು ಪುಟದ ಮೇಲೆ ಮನಸ್ಸು ನಿಲ್ಲದು. ಕೈ ತಾನಾಗಿ ಫೋನಿನ ಕಡೆಗೆ ಹೋಗುತ್ತದೆ. ಕನ್ನಡವೇ ಮರೆತುಹೋಯಿತೇನೋ ಎಂದು ನಮ್ಮಲ್ಲೊಬ್ಬರು ಅತ್ತದ್ದೂ ಉಂಟು. ಮರೆತಿರಲಿಲ್ಲ, ಓದುವ ಅಭ್ಯಾಸಕ್ಕೆ ತುಕ್ಕು ಹಿಡಿದಿತ್ತು.

ಜುಲೈ 8ರಂದು ಬೆರಿಲ್ ಚಂಡಮಾರುತ ಟೆಕ್ಸಾಸ್ ಕರಾವಳಿಗೆ ಅಪ್ಪಳಿಸಿತು. ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ ಕಡಿತವಾಗಿ, ಎಷ್ಟೋ ಮನೆಗಳು ದಿನಗಟ್ಟಲೆ ಸೆಕೆಯಲ್ಲಿ ಬೆಂದವು. ಅಲ್ಲಿಯ ನಮ್ಮ ಗೆಳತಿ ಫೋನಿನ ಬ್ಯಾಟರಿ ಉಳಿಸಬೇಕಾಗಿ ಬಂದು, ಹಿತ್ತಲ ಬಾಗಿಲಲ್ಲಿ ಕುಳಿತು ಹಗಲು ಬೆಳಕಿನಲ್ಲಿ ‘ಫಣಿಯಮ್ಮ’ನನ್ನು ಮುಗಿಸಿದರು. ಬಾಲವಿಧವೆಯೊಬ್ಬಳ ಸುದೀರ್ಘ ಬದುಕಿನ ಆ ಕಥೆ ಅವರನ್ನು ಎಷ್ಟು ಹಿಡಿದಿತ್ತೆಂದರೆ, ಮಕ್ಕಳು ಕರೆದದ್ದು ಎರಡು ಬಾರಿ ಕೇಳಿಸಲೇ ಇಲ್ಲವಂತೆ. ಅವರು ಇದನ್ನು ತಪ್ಪೊಪ್ಪಿಗೆಯ ಧ್ವನಿಯಲ್ಲಿ ಹೇಳಿದರು. ಮನೆಗೆ ಯಾವ ಹಾನಿಯೂ ಆಗಿರಲಿಲ್ಲ. ಮಕ್ಕಳು ತಾವೇ ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು ತಿಂದಿದ್ದರು. ಇದರಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪಾದರೂ ಯಾವುದು? ಅರ್ಧ ಗಂಟೆ ತಾನಾಗಿ ಇದ್ದದ್ದೇ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಸಮಯ ಎಲ್ಲಿದೆ? ಸಮಯವಿದೆ, ಆದರೆ ಅದು ತಾಯಿಯ ಹೆಸರಿನಲ್ಲಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ನಡೆಸುವ ಸಮಯಬಳಕೆಯ ಸಮೀಕ್ಷೆ ವರ್ಷ ವರ್ಷವೂ ತೋರಿಸುವುದು ಇದನ್ನೇ: ಮನೆಗೆಲಸದಲ್ಲಿ ಮಹಿಳೆಯರ ಪಾಲು ಹೆಚ್ಚು, ಬಿಡುವಿನಲ್ಲಿ ಕಡಿಮೆ. ಅದೇ ಸಮೀಕ್ಷೆಯನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಂದು ದಿನದಲ್ಲಿ ಸಂತೋಷಕ್ಕಾಗಿ ಓದುವ ಅಮೆರಿಕನ್ನರ ಪ್ರಮಾಣ 2004ರಲ್ಲಿ ಶೇ. 28 ಇದ್ದುದು 2023ಕ್ಕೆ ಶೇ. 16ಕ್ಕೆ ಇಳಿದಿದೆ. ಕುಸಿತ ಎಲ್ಲರದೂ ಹೌದು. ಆದರೆ ನಮ್ಮ ಮನೆಗಳಲ್ಲಿ ಅಪ್ಪ ಕ್ರಿಕೆಟ್ ನೋಡಿದರೆ ಅದು ವಿಶ್ರಾಂತಿ. ಅಮ್ಮ ಕಾದಂಬರಿ ಹಿಡಿದರೆ ‘ಇವತ್ತು ಕೆಲಸವೇನೂ ಇಲ್ಲವೇ?’ ಈ ಮಾತನ್ನು ಆಡುವವರು ಗಂಡಂದಿರು ಮಾತ್ರವಲ್ಲ. ಊರಿನಿಂದ ಬಂದ ಅತ್ತೆಯವರು ಆಡುತ್ತಾರೆ, ಸ್ವಂತ ಅಮ್ಮನೂ ಆಡುತ್ತಾರೆ, ಎಲ್ಲರಿಗಿಂತ ಮೊದಲು ನಮ್ಮ ಮನಸ್ಸೇ ಆಡುತ್ತದೆ.

ಎರಡನೆಯದು ಆಕ್ಷೇಪವಲ್ಲ, ಹೊಗಳಿಕೆಯ ವೇಷದಲ್ಲಿ ಬರುವ ಅಪಾಯ. ‘ಬಹಳ ಒಳ್ಳೆಯದು, ತಾಯಿ ಓದುವುದನ್ನು ಕಂಡು ಮಕ್ಕಳೂ ಓದುತ್ತಾರೆ’ ಎನ್ನುತ್ತಾರೆ ಹಿತೈಷಿಗಳು. ಓದಲಿ, ಸಂತೋಷ. ಆದರೆ ನಮ್ಮ ಓದನ್ನು ಸಮರ್ಥಿಸಲು ಈ ಕಾರಣವನ್ನು ನಾವು ಒಪ್ಪುವುದಿಲ್ಲ. ಮಕ್ಕಳು ನೋಡಿಯೂ ಓದದಿದ್ದರೆ ತಾಯಿಯ ಓದು ವ್ಯರ್ಥವೇ? ಅವರು ಕಾಲೇಜಿಗೆ ಹೊರಟುಹೋದ ಮೇಲೆ ಆಕೆ ಓದುವುದೇಕೆ? ಒಮ್ಮೆ ಲಾಭದ ಲೆಕ್ಕಕ್ಕೆ ಇಳಿದರೆ ಈಜಿನ ತರಗತಿ, ಗಣಿತದ ತರಗತಿ, ಭರತನಾಟ್ಯ ಇವೆಲ್ಲವೂ ಪುಸ್ತಕಕ್ಕಿಂತ ಲಾಭದಾಯಕವಾಗಿ ಕಾಣುತ್ತವೆ. ಆ ಲೆಕ್ಕದಲ್ಲಿಯೇ ನಮ್ಮ ಓದು ಹಿಂದೆ ಸೋತದ್ದು.

ಮೂರನೆಯದು ಪಂಡಿತರ ಆಕ್ಷೇಪ: ಓದುವುದೇ ಆದರೆ ಗಂಭೀರವಾದುದನ್ನು ಓದಬಾರದೇ, ಈ ಹಳೆಯ ಸಾಮಾಜಿಕ ಕಾದಂಬರಿಗಳೇಕೆ? ಈ ಧಾಟಿ ಹಳೆಯದು. ಕಾದಂಬರಿ ಓದಿ ಹೆಣ್ಣುಮಕ್ಕಳು ಕೆಡುತ್ತಾರೆಂಬ ಮಾತು ನಮ್ಮ ಅಜ್ಜಿಯರ ಕಿವಿಗೂ ಬಿದ್ದಿತ್ತು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದ್ದು ಹೆಂಗಸರು ಓದಲೆಂದೇ. ಬಾಲ್ಯದಲ್ಲಿ ಕೆಲವೇ ವರ್ಷ ಶಾಲೆ ಕಂಡಿದ್ದ ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಕೈಹಚ್ಚಿದ್ದು ಸಂಸಾರದ ನಡುವೆ, ನಲವತ್ತು ದಾಟಿದ ಮೇಲೆ. ‘ತುಂಗಭದ್ರಾ’ ಬಂದಾಗ ಅವರಿಗೆ 46ರ ಆಸುಪಾಸು. ನಮ್ಮಲ್ಲಿ ಹಲವರ ಈಗಿನ ವಯಸ್ಸು ಅದೇ. ಇಂಥವರು ಬರೆದುದನ್ನು ಹಗುರವೆಂದು ಬದಿಗೆ ಸರಿಸುವವರು ಮೊದಲು ಅದನ್ನು ಓದಿ ನೋಡಲಿ.

ಆ ‘ಹಗುರ’ದ ತೂಕ ನಮಗೆ ತಿಳಿದದ್ದು ನವರಾತ್ರಿಯ ದಿನಗಳಲ್ಲಿ, ತ್ರಿವೇಣಿಯವರ ‘ಶರಪಂಜರ’ ಓದುವಾಗ. ಪುಟ್ಟಣ್ಣ ಕಣಗಾಲರ ಚಲನಚಿತ್ರವನ್ನು ಎಲ್ಲರೂ ನೋಡಿದ್ದೆವು, ಆದ್ದರಿಂದ ಕಥೆ ಗೊತ್ತೆಂದುಕೊಂಡಿದ್ದೆವು. ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಹೆಣ್ಣು ಗುಣಮುಖಳಾಗಿ ಮನೆಗೆ ಮರಳಿದರೂ ಮನೆ ಆಕೆಯನ್ನು ನಂಬದಿರುವ ಕಥೆ ಅದು. ಬರೆದಾಕೆ ಸ್ವತಃ ಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, 1963ರಲ್ಲಿ, ನಲವತ್ತು ತುಂಬುವ ಮುನ್ನವೇ ತೀರಿಕೊಂಡರು. ಪುಸ್ತಕ ಮುಗಿದ ವಾರ ದೂರವಾಣಿಯಲ್ಲಿ ಮಾತಾಡುತ್ತಿದ್ದಾಗ ನಮ್ಮಲ್ಲೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಮೊದಲ ಮಗು ಹುಟ್ಟಿದ ಮೇಲೆ ತಾವು ಪಟ್ಟ ಪಾಡನ್ನು ಹೇಳಿದರು. ಬಾಣಂತನಕ್ಕೆ ಬಂದಿದ್ದ ಅಮ್ಮ ಊರಿಗೆ ಮರಳಿದ ಮೇಲೆ, ಇಲ್ಲಿಯ ನಿಶ್ಶಬ್ದ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲೂ ಭಯವಾಗುತ್ತಿದ್ದ ದಿನಗಳು ಅವು. ಹನ್ನೊಂದು ವರ್ಷ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಎಷ್ಟೋ ಪಿಕ್ನಿಕ್ಕುಗಳಲ್ಲಿ, ಹಬ್ಬದೂಟಗಳಲ್ಲಿ ಅವರ ಪಕ್ಕದಲ್ಲೇ ಕುಳಿತಿದ್ದ ನಮಗೆ ಗೊತ್ತಾಗಿರಲಿಲ್ಲ. ಆ ಮಾತಿಗೆ ಬಾಯಿ ಕೊಟ್ಟದ್ದು ಆರು ದಶಕಗಳ ಹಿಂದಿನ ಒಂದು ‘ಹೆಂಗಸರ ಕಾದಂಬರಿ’.

2025ರ ಯುಗಾದಿಗೆ ಲೆಕ್ಕ ಹಾಕಿದಾಗ ಒಬ್ಬರು ಒಂಬತ್ತು ಪುಸ್ತಕ ಮುಗಿಸಿದ್ದರು, ಒಬ್ಬರು ಎರಡು. ಒಬ್ಬರು ಮೂರನ್ನು ಅರ್ಧಕ್ಕೇ ಬಿಟ್ಟಿದ್ದರು. ಯಾರನ್ನೂ ನಾವು ಗೆದ್ದವರು, ಸೋತವರು ಎಂದು ಎಣಿಸಲಿಲ್ಲ. ಅದೇ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ, ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ವಾಟ್ಸಾಪ್ ಗುಂಪುಗಳಲ್ಲಿ ಹೂಗುಚ್ಛಗಳ ಮಳೆ ಸುರಿಯಿತು. ಅಭಿಮಾನ ಸರಿಯೇ. ಆದರೆ ಆ ಕಥೆಗಳನ್ನು ಕನ್ನಡದಲ್ಲಿ ಓದಿದವರು ನಮ್ಮ ನಡುವೆ ಎಷ್ಟು ಮಂದಿ? ಓದುಗರಿಲ್ಲದ ಅಭಿಮಾನದಿಂದ ಭಾಷೆ ಬದುಕುವುದಿಲ್ಲ.

ಪುಸ್ತಕ ಸಿಗುವುದಿಲ್ಲ ಎಂಬ ಕೊನೆಯ ನೆಪಕ್ಕೂ ಉತ್ತರವಿದೆ. ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳು ಫೋನಿಗೇ ಬರುತ್ತವೆ. ಆಸ್ಟಿನ್ನಿನ ಐ-35ರ ವಾಹನದಟ್ಟಣೆಯಲ್ಲಿ ಕೇಳಿದ ಕಾದಂಬರಿಯೂ ನಮ್ಮ ಲೆಕ್ಕಕ್ಕೆ ಸೇರಿದೆ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕಸ್ಟನೇಡಾ ಗ್ರಂಥಾಲಯದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ದೊಡ್ಡ ಸಂಗ್ರಹವಿದೆ. ಅಲ್ಲಿಯ ಪುಸ್ತಕಪಟ್ಟಿಯನ್ನು ಮನೆಯಿಂದಲೇ ಹುಡುಕಬಹುದು. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಟೆಕ್ಸ್‌ಶೇರ್ ಕಾರ್ಡ್ ಮತ್ತು ಅಂತರಗ್ರಂಥಾಲಯ ಎರವಲಿನ ಸೌಲಭ್ಯವನ್ನು ವಿಚಾರಿಸಿ. ಎಲ್ಲಕ್ಕಿಂತ ಸುಲಭದ್ದು ನಮ್ಮ ಕಪಾಟುಗಳೇ. ಮುಂದಿನ ಬಾರಿ ಊರಿನಿಂದ ಬರುವಾಗ ಹಪ್ಪಳ, ಸಾರಿನಪುಡಿಗಳ ನಡುವೆ ಎರಡು ಕಾದಂಬರಿಗಳಿಗೂ ಜಾಗ ಮಾಡಿ.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ಕೋರಿಕೆ ಇಷ್ಟು. ದಿನಕ್ಕೆ ಅರ್ಧ ಗಂಟೆ ತಾಯಿಯದಾಗಲಿ, ಮನೆಯವರು ಅದನ್ನು ಕೇಳದೆಯೇ ಬಿಟ್ಟುಕೊಡಲಿ. ವಾರದಲ್ಲಿ ಒಂದು ಸಂಜೆಯ ಈಜಿನ ತರಗತಿಗೆ ಅಪ್ಪ ಕರೆದೊಯ್ಯಲಿ. ಸಂಘದ ಕಾರ್ಯಕ್ರಮಗಳಲ್ಲಿ ಸಾಹಿತ್ಯಗೋಷ್ಠಿ ನಡೆಯುವಾಗ ಹೆಂಗಸರೆಲ್ಲ ಊಟದ ಸಾಲಿನಲ್ಲೋ, ಮಕ್ಕಳ ವೇಷಭೂಷಣದ ಕೋಣೆಯಲ್ಲೋ ಇರುವಂಥ ವೇಳಾಪಟ್ಟಿ ಇನ್ನು ಬೇಡ. ಊಟದ ಮೇಜಿನ ಪಕ್ಕದಲ್ಲಿ ಓದಿ ಮುಗಿಸಿದ ಪುಸ್ತಕಗಳಿಗೂ ಒಂದು ಮೇಜಿರಲಿ. ಬೇಕಾದವರು ಒಯ್ಯಲಿ, ಇದ್ದವರು ಇಡಲಿ. ದಯವಿಟ್ಟು ಅದಕ್ಕೊಂದು ಸ್ಪರ್ಧೆ, ಪ್ರಮಾಣಪತ್ರ ಮಾತ್ರ ಏರ್ಪಡಿಸಬೇಡಿ.

ನಮ್ಮ ಎರಡನೆಯ ವರ್ಷ ಈಗಾಗಲೇ ನಡೆದಿದೆ. ಪಾತ್ರೆಗಳು ಒಮ್ಮೊಮ್ಮೆ ಬೆಳಗಿನವರೆಗೆ ಸಿಂಕಿನಲ್ಲೇ ಉಳಿಯುತ್ತವೆ. ಉಳಿಯಲಿ. ಮುಂದಿನ ಸಭೆಯಲ್ಲಿ ನಮ್ಮನ್ನು ಕಂಡಾಗ ಮಕ್ಕಳ ಕನ್ನಡವನ್ನು ಖಂಡಿತ ವಿಚಾರಿಸಿ. ಅದಕ್ಕೂ ಮೊದಲು, ಏನು ಓದುತ್ತಿದ್ದೀರಿ ಎಂದು ಒಮ್ಮೆ ಕೇಳಿ.