ಪಾವೆಲ್ ನಮ್ಮವನು, ಮಖ್ದೂಮ್ ಯಾರು?

ಮೊನ್ನೆ ತರಗತಿಯಲ್ಲಿ ಗಾರ್ಕಿಯ ‘ತಾಯಿ’ಯ ಮಾತು ಬಂತು. 1902ರ ಮೇ ದಿನ ಸೊರ್ಮೊವೊದಲ್ಲಿ ಕೆಂಬಾವುಟ ಹಿಡಿದು ನಡೆದ ಪ್ಯೋತ್ರ್ ಜಲೋಮೊವ್ ಎಂಬ ಕಾರ್ಮಿಕನೇ ಪಾವೆಲನಿಗೆ ಮಾದರಿ ಎಂದೆ. ಪರೀಕ್ಷೆಗೆ ಬಂದೀತೆಂದು ಹುಡುಗರು ಬರೆದುಕೊಂಡರು. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಎದ್ದು ನಿಂತ: “ಸರ್, ನಮ್ಮ ಮುತ್ಯಾ ಎಂ.ಎಸ್.ಕೆ. ಮಿಲ್ಲಿನಾಗ ಕೆಲಸ ಮಾಡ್ತಿದ್ದ ರೀ. ಅಲ್ಲಿ ಝಂಡಾ ಹಿಡದವ್ರು ಯಾರ್ರಿ?”

ನಾನು ಗಡಿಯಾರ ನೋಡಿದೆ. ಪುಣ್ಯಕ್ಕೆ ಗಂಟೆ ಹೊಡೆಯಿತು.

ನಿಜಾಮ ಮಹಬೂಬ್ ಅಲಿ ಖಾನರ ಹೆಸರು ಹೊತ್ತಿದ್ದ ಆ ಮಿಲ್ಲು ಮುಚ್ಚಿ ವರ್ಷಗಳಾದವು. 1969ರಲ್ಲಿ ಅದರ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರರಾದ ಮಲ್ಲಿಕಾರ್ಜುನ ಖರ್ಗೆಯವರನ್ನು ಅವರ ಪದವಿಗಳ ಲೆಕ್ಕದಲ್ಲಷ್ಟೇ ಬಲ್ಲೆವು. ಅವರಿಗೂ ಹಿಂದಿನ ಮಖ್ದೂಮ್ ಮೊಹಿಯುದ್ದೀನರೋ? ಹೈದರಾಬಾದಿನ ಸಿಟಿ ಕಾಲೇಜಿನಲ್ಲಿ ನನ್ನಂತೆಯೇ ಪಾಠ ಹೇಳುತ್ತಿದ್ದ ಕವಿ. ನನ್ನಂತಲ್ಲದೆ, ಆ ಕೆಲಸ ಬಿಟ್ಟು ಕಾರ್ಮಿಕರ ನಡುವೆ ಹೋದವರು. 1946ರಲ್ಲಿ ಅಖಿಲ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರು. ಆಗ ಕಲಬುರಗಿ ಆ ಸಂಸ್ಥಾನದ್ದೇ ಅಲ್ಲವೆ? ಉರ್ದುವಿನಲ್ಲಿ ಬರೆದರೆಂದು ಅವರನ್ನು ಹೊರಗಿನವರೆಂದೆವು. ಗಾರ್ಕಿ ಬರೆದದ್ದು ಕನ್ನಡದಲ್ಲೇನು?

“ಸಾಹಿತ್ಯಕ್ಕೂ ಮಿಲ್ಲಿನ ಸಂಘಕ್ಕೂ ಎಲ್ಲಿಯ ನಂಟು?” ಎನ್ನುವ ವಿದ್ವಾಂಸ ಮಿತ್ರರಿದ್ದಾರೆ. ಸ್ವಾಮಿ, ವೋಲ್ಗಾ ದಂಡೆಯ ಕಾರ್ಖಾನೆಯ ಸೈರನ್ನು ನಿಮಗೆ ಸಾಹಿತ್ಯವಾಗಿ ಕೇಳಿಸುತ್ತದೆ. ನಿಮ್ಮ ಮನೆಯವರೆಗೆ ಕೇಳುತ್ತಿದ್ದ ಮಿಲ್ಲಿನ ಭೋಂಗಾ ಮಾತ್ರ ಬರಿಯ ಗದ್ದಲವೆ?

ಹುಡುಗನ ಮುತ್ಯಾನಿಗೆ ಎಂಬತ್ತು ದಾಟಿದೆ. ನೆನಪು ಇನ್ನೂ ಗಟ್ಟಿಯಂತೆ. ಬರುವ ಭಾನುವಾರ ನೋಟುಬುಕ್ಕು ಹಿಡಿದು ಕಮಲಾಪುರಕ್ಕೆ ಹೊರಟಿದ್ದೇನೆ. ಮಿತ್ರರು ಬರುವುದಾದರೆ ಬಸ್ಸಿನಲ್ಲಿ ಜಾಗವಿದೆ.