ಲಾಗಿನ್ ಆಗುತ್ತಿಲ್ಲ ಎಂದರೆ ಖಾತೆ ಹ್ಯಾಕ್ ಆಗಿದೆಯೇ?

‘ಪಾಸ್‌ವರ್ಡ್ ತಪ್ಪು ಎಂದು ತೋರಿಸಿದರೆ ನಿಮ್ಮ ಖಾತೆ ಹ್ಯಾಕ್ ಆಗಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಕರೆ ಮಾಡಿದರೆ ಆ ಕಡೆಯವರು ಕೇಳುವುದು ಒಟಿಪಿ. ಕೊಟ್ಟರೆ, ಅಲ್ಲಿಯವರೆಗೆ ಆಗದ ಹ್ಯಾಕ್ ಆಗ ಆಗುತ್ತದೆ.

ಲಾಗಿನ್ ಎಂದರೆ ತಾಳೆ ನೋಡುವುದಷ್ಟೆ. ನೀವು ಒತ್ತಿದ ಅಕ್ಷರಗಳನ್ನು ಯಂತ್ರ ಒಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನು ಮೊದಲೇ ಉಳಿಸಿಟ್ಟ ಉತ್ತರಕ್ಕೆ ಹೋಲಿಸುತ್ತದೆ. ಒಂದಕ್ಷರ ಬದಲಾದರೂ ಉತ್ತರ ಪೂರ್ತಿ ಬೇರೆಯಾಗುತ್ತದೆ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಇದ್ದ ಹಾಗೇ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ‘ಹಳೆಯ ಪಾಸ್‌ವರ್ಡ್ ತೆಗೆದುಕೊಡುತ್ತೇವೆ, ಐನೂರು ಹಾಕಿ’ ಎನ್ನುವವರನ್ನು ನಂಬಬೇಡಿ. ಹೊಸದನ್ನು ಮಾಡಿಕೊಳ್ಳಬಹುದು, ಅದೂ ಅಸಲಿ ವೆಬ್‌ಸೈಟಿನಲ್ಲೇ, ದುಡ್ಡಿಲ್ಲದೆ.

ಎಷ್ಟೋ ಸಲ ತಪ್ಪು ಕೀಬೋರ್ಡಿನಲ್ಲೇ ಇರುತ್ತದೆ. ಕ್ಯಾಪ್ಸ್ ಲಾಕ್ ಎಲ್ಲರಿಗೂ ಗೊತ್ತು. ನಮ್ ಲಾಕ್ ಆಫ್ ಆಗಿದ್ದರೆ ಬಲಬದಿಯ ಅಂಕಿಗಳು ಮೂಡುವುದೇ ಇಲ್ಲ. ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಕಾಟವಿದೆ: ಕೀಬೋರ್ಡ್ ಕನ್ನಡಕ್ಕೆ ತಿರುಗಿದ್ದರೂ ಪರದೆಯಲ್ಲಿ ಬರೀ ಚುಕ್ಕಿಗಳೇ ಕಾಣುತ್ತವೆ. ಪಕ್ಕದ ಕಣ್ಣಿನ ಚಿತ್ರ ಒತ್ತಿ ಏನು ಮೂಡಿದೆ ನೋಡಿ. ಮತ್ತೆ ಮತ್ತೆ ಒತ್ತುತ್ತಾ ಹೋದರೆ ಖಾತೆಯೇ ಕೆಲ ಹೊತ್ತು ಲಾಕ್ ಆಗಬಹುದು.

ಗಡಿಯಾರದ ಕಡೆಗೂ ಗಮನ ಕೊಡಿ. ಹಳೆಯ ಡೆಸ್ಕ್‌ಟಾಪ್‌ನ ಒಳಗೆ ನಾಣ್ಯದಂಥ ಮೂರು ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಆಗ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರ ‘ಇನ್ನೂ ಜಾರಿಗೇ ಬಂದಿಲ್ಲ’ ಎಂದು ಬ್ರೌಸರ್ ಎಚ್ಚರಿಸುತ್ತದೆ. ನೋಡಿದವರು ವೈರಸ್ ಎನ್ನುತ್ತಾರೆ. ದಿನಾಂಕ ಸರಿಪಡಿಸಿದರೆ ಸಾಕು.

ಕೆಲವೊಮ್ಮೆ ನಿಮ್ಮ ಕಡೆಯಿಂದ ಏನೂ ತಪ್ಪಿರುವುದಿಲ್ಲ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಸರ್ವರ್ ಮೇಲೆ ಒತ್ತಡ ಬಿದ್ದು ಎಷ್ಟೋ ಜನ ಕಾಯಬೇಕಾಯಿತು. ಅಂಥ ದಿನ ರಾತ್ರಿಯೋ ಬೆಳಗಿನ ಜಾವವೋ ಪ್ರಯತ್ನಿಸುವುದು ಮೇಲು.

ಇವೆಲ್ಲಕ್ಕಿಂತ ನಮಗೆ ದೊಡ್ಡದಾಗಿ ಕಾಣುವುದು ಮೊಬೈಲ್ ನಂಬರಿನ ಸಮಸ್ಯೆ. ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಂಥ ಊರಿನಿಂದ ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೋದವರು ಅಲ್ಲಿ ಹೊಸ ಸಿಮ್ ಕೊಂಡು ಹಳೆಯದಕ್ಕೆ ರೀಚಾರ್ಜ್ ಬಿಡುತ್ತಾರೆ ಅಂದುಕೊಳ್ಳಿ. ಆಧಾರ್, ಬ್ಯಾಂಕ್ ಎಲ್ಲದರ ಒಟಿಪಿ ಹೋಗುವುದು ಹಳೆಯ ನಂಬರಿಗೇ. ಸ್ಥಗಿತವಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಲು ಅವಕಾಶವಿದೆ. ಆಮೇಲೆ ನಿಮ್ಮ ಒಟಿಪಿ ಗುರುತಿಲ್ಲದವರ ಕೈಗೆ ಹೋಗುತ್ತದೆ. ಸಿಮ್ ಬಿಡುವ ಮೊದಲೇ ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ನಂಬರ್ ಬದಲಿಸಿಕೊಳ್ಳಿ.

ನಿಜವಾಗಿ ಹ್ಯಾಕ್ ಆದಾಗಿನ ಲಕ್ಷಣಗಳೇ ಬೇರೆ: ನೀವು ಕೇಳದೆಯೇ ಪಾಸ್‌ವರ್ಡ್ ಬದಲಾಗಿದೆ ಎಂಬ ಇಮೇಲ್, ನೀವು ಕಳಿಸದ ಸಂದೇಶ, ಗೊತ್ತಿಲ್ಲದ ಊರಿನಿಂದ ಲಾಗಿನ್. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ.